ನನ್ನ ಈರುಳ್ಳಿ ಕೂಗಿದ ದಿನ

ಎರಡು ವರ್ಷದ ಹಿಂದಿನ ಮಾತು. ಯುಗಾದಿ ಕಳೆದ ಮೊದಲ ಭಾನುವಾರ. ಚಳ್ಳಕೆರೆಯಲ್ಲಿ ಬೆಳಗ್ಗೆ ಹತ್ತಕ್ಕೇ ನೆಲ ಕಾದ ಹಂಚಿನಂತಾಗಿತ್ತು. ನನ್ನ ಲಗೇಜ್ ಆಟೋದಲ್ಲಿ ನಲವತ್ತು ನಾಟಿ ಕೋಳಿಗಳಿದ್ದವು. ಮಧ್ಯಾಹ್ನ ಒಂದರೊಳಗೆ ಅವು ಜೀವಂತವಾಗಿ ಕುದಾಪುರದ ಆಚೆ ತಲುಪಬೇಕಿತ್ತು.

ನಾನು ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಮೊಟ್ಟೆ ಮಾರುತ್ತಾ ಮೇಲೆ ಬಂದವಳು. ಬಾಡಿಗೆ ಆಟೋದವರ ಜೊತೆ ಚೌಕಾಸಿ ಮಾಡಿ ಮಾಡಿ ಸಾಕಾಗಿ, ಕೊನೆಗೆ ನಾನೇ ಆಟೋ ಓಡಿಸಲು ಕಲಿತೆ. ವ್ಯಾಪಾರಕ್ಕೆ ಇಳಿಯುವ ಹೆಣ್ಣುಮಕ್ಕಳಿಗೆ ಒಂದು ಮಾತು ಹೇಳುತ್ತೇನೆ: ಬೆಲೆ ಮೊದಲು ನೀವು ಹೇಳಬೇಡಿ, ಎದುರಿನವರ ಬಾಯಿಂದ ಬರಲಿ. ಆ ಭಾನುವಾರದ ಆರ್ಡರನ್ನೂ ಹಾಗೆಯೇ ಕುದುರಿಸಿದ್ದೆ. ಕುದಾಪುರದ ಹುಲ್ಲುಗಾವಲಿನ ಕಡೆ ಸಂಶೋಧನಾ ಸಂಸ್ಥೆಗಳ ದೊಡ್ಡ ದೊಡ್ಡ ಕ್ಯಾಂಪಸ್‌ಗಳು ಎದ್ದ ಮೇಲೆ, ಕಟ್ಟಡದ ಕೆಲಸಕ್ಕೆ ಒಡಿಶಾದಿಂದ ಬಂದವರು ಅಲ್ಲೇ ಶೆಡ್ ಹಾಕಿಕೊಂಡಿದ್ದರು. ಅವರ ಮೇಸ್ತ್ರಿಗೆ ಫಾರಂ ಕೋಳಿ ಬೇಡ, ನಾಟಿಯೇ ಬೇಕು, ಅದೂ ಜೀವಂತವೇ ಬೇಕು. ನನ್ನ ಸಂತೆ ಹಿಂದಿ, ಅವನ ಮೂರು ತಿಂಗಳ ಕನ್ನಡ ಎರಡೂ ಸೇರಿ ಮಾತು ಮುಗಿದಿತ್ತು. "ಟೈಮ್‌ಗೆ ಬಂದ್ರೆ ಪ್ರತಿ ಸಂಡೆ ನೀನೇ. ಇಲ್ಲಾಂದ್ರೆ ಬೇರೆ ಆದ್ಮಿ" ಎಂದಿದ್ದ. ಅದು ನನ್ನ ಮೊದಲ ದೊಡ್ಡ ಗಿರಾಕಿ.

ಆ ಕಡೆಗಿದ್ದ ಹಳೆಯ ಗಾಡಿ ಜಾಡು ಈಗ ಕಾಂಪೌಂಡ್ ಗೋಡೆಗೆ ಹೋಗಿ ನಿಲ್ಲುತ್ತದೆ. ರಸ್ತೆಯಲ್ಲಿ ಸುತ್ತಿ ಹೋದರೆ ಡೀಸೆಲ್ ದಂಡ. ಅಡ್ಡದಾರಿ ಒಂದಿತ್ತು: ಒಣಗಿದ ಹಳ್ಳ ದಾಟಿ, ದನ ಸಾಕುವವರ ಹಟ್ಟಿಯೊಂದರ ನಡುವೆ ಹಾದು ಹೋಗುವುದು. ಆ ಹಟ್ಟಿಯವರು ಕೋಳಿ ತಿನ್ನುವುದಿಲ್ಲ, ಸಾಕುವುದಿಲ್ಲ, ಹಟ್ಟಿಯೊಳಗೆ ಬಿಟ್ಟುಕೊಳ್ಳುವುದೂ ಇಲ್ಲ. ಇದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೇ ಪಂಜರಗಳ ಮೇಲೆ ಟಾರ್ಪಾಲು ಎಳೆದು ಬಿಗಿದೆ. ಎರಡು ನಿಮಿಷದ ದಾರಿ, ಯಾರಿಗೆ ಕಾಣುತ್ತದೆ ಎಂದುಕೊಂಡೆ.

ಹಳ್ಳದ ನಡುವೆ ಹಿಂದಿನ ಚಕ್ರಗಳು ಮರಳಿನಲ್ಲಿ ಹೂತುಕೊಂಡವು. ಆಕ್ಸಿಲರೇಟರ್ ಕೊಟ್ಟಷ್ಟೂ ಆಳಕ್ಕೆ ಇಳಿದವು. ದಡದಲ್ಲಿ ದನ ಮೇಯಿಸುತ್ತಿದ್ದವನೊಬ್ಬ ಹತ್ತಿರ ಬಂದ. ಹೆಸರು ಪಾಲಯ್ಯ ಎಂದು ಆಮೇಲೆ ತಿಳಿಯಿತು.

"ಏನು ಲೋಡಕ್ಕಾ?"

"ಈರುಳ್ಳಿ ಕಣಣ್ಣ."

"ಈರುಳ್ಳಿಗೆ ಯಾರಾದ್ರೂ ಹಿಂಗೆ ಹೊದಿಸ್ತಾರಾ? ಬೆವರಿ ಕೊಳೆತೋಗ್ತವೆ."

"ತಗೊಳ್ಳೋರು ಹಂಗೇ ತಾ ಅಂದವ್ರೆ" ಎಂದುಬಿಟ್ಟೆ.

ಪಾಪ, ನಂಬಿದ. ಹಟ್ಟಿಗೆ ಹೋಗಿ ಏಳೆಂಟು ಜನರನ್ನು ಕರೆತಂದ. ಅವನ ಅವ್ವ ಓಬಮ್ಮನೂ ಕೋಲೂರಿಕೊಂಡು ಬಂದಳು. ಗಂಡಸರು ಪಂಚೆ ಎತ್ತಿ ಕಟ್ಟಿ, ಆಟೋಗೆ ಕೈ ಹಚ್ಚಬೇಕು, ಅಷ್ಟರಲ್ಲಿ ಟಾರ್ಪಾಲಿನೊಳಗಿಂದ ಹುಂಜವೊಂದು ಗಟ್ಟಿಯಾಗಿ ಕೂಗಿತು. ಒಂದಲ್ಲ, ಎರಡು ಸಲ.

ಚಾಚಿದ ಕೈಗಳೆಲ್ಲ ಹಿಂದಕ್ಕೆ ಹೋದವು. ಮೊದಲು ಬಾಯಿ ಬಿಟ್ಟವಳು ಓಬಮ್ಮ. "ಲೇ ಪಾಲಯ್ಯ, ಈಯಮ್ಮನ ಈರುಳ್ಳಿ ಕೂಗ್ತೈತಲ್ಲೋ!"

ಎಲ್ಲರೂ ಗೊಳ್ಳೆಂದರು. ನಗುತ್ತಲೇ ನಾಲ್ಕು ಹೆಜ್ಜೆ ಹಿಂದೆ ಸರಿದರು. ಪಾಲಯ್ಯ ಮಾತ್ರ ನಗಲಿಲ್ಲ. "ನಿನ್ನ ನಂಬಿ ಜನಾನ ಕರ್ಕೊಂಡು ಬಂದ್ನಲ್ಲ ನಾನು! ಕದ್ದು ಹಟ್ಟಿಯೊಳಗೆ ಕೋಳಿ ದಾಟಿಸ್ತಿದ್ಯೇನಕ್ಕಾ? ನಾವು ಮುಟ್ಟಲ್ಲ. ನೀನುಂಟು, ನಿನ್ನ ಗಾಡಿ ಉಂಟು" ಎಂದು ಹೊರಟೇಬಿಟ್ಟ.

"ತಪ್ಪಾಯ್ತಣ್ಣ, ಎಷ್ಟು ಕೇಳ್ತೀರೋ ಅಷ್ಟು ಕೊಡ್ತೀನಿ" ಎಂದೆ. ಅದಕ್ಕೆ ಮುಂಚೆ ನಾನು ಯಾರಿಗೂ ಆ ಮಾತು ಆಡಿದವಳಲ್ಲ.

"ದುಡ್ಡು ಮಡಚಿ ಇಟ್ಕ" ಎಂದಳು ಓಬಮ್ಮ. "ಮೊದ್ಲು ಆ ಹೊದಿಕೆ ತೆಗಿ. ಅವು ಉಸಿರಾಡೋದು ಬ್ಯಾಡ್ವಾ?"

ಟಾರ್ಪಾಲು ತೆಗೆದೆ. ಕೋಳಿಗಳೆಲ್ಲ ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ಎರಡು ಆಗಲೇ ಪಕ್ಕಕ್ಕೆ ವಾಲಿದ್ದವು. ನನ್ನ ಬಾಟಲಿಯಲ್ಲಿ ನಾಲ್ಕು ಗುಟುಕು ನೀರಿತ್ತು, ಅಷ್ಟೇ.

ಓಬಮ್ಮ ಹಟ್ಟಿಯ ಕಡೆ ತಿರುಗಿ, "ನೀಳ್ಳು ತೇವೇ!" ಎಂದು ಸೊಸೆಗೆ ತೆಲುಗಿನಲ್ಲಿ ಕೂಗಿದಳು. ಸೊಸೆ ಪ್ಲಾಸ್ಟಿಕ್ ಕೊಡದಲ್ಲಿ ನೀರು ತಂದಳು. ಪಾಲಯ್ಯ ಅಲ್ಲಿಂದಲೇ ತಿರುಗಿ ನಿಂತ. "ಅವ್ವಾ, ಕೋಳಿಗೆ ನಮ್ ನೀರಾ?"

"ತಿನ್ನಬ್ಯಾಡ ಅಂತ ಹಿರೇರು ಹೇಳವ್ರೆ. ಬಾಯಾರಿಸಿ ಸಾಯಿಸು ಅಂತ ಹೇಳಿಲ್ಲ ಕಣೋ."

ಸೊಸೆ ಕೊಡವನ್ನು ಮರಳಿನ ನಡುವೆ ಇಟ್ಟು ಹಿಂದೆ ಹೋದಳು. ನಾನು ಹೋಗಿ ತಂದು, ಬುತ್ತಿ ಡಬ್ಬಿಯ ಮುಚ್ಚಳದಲ್ಲಿ ಒಂದೊಂದೇ ಪಂಜರಕ್ಕೆ ನೀರಿಟ್ಟೆ. ವಾಲಿದ್ದವೆರಡೂ ಸ್ವಲ್ಪ ಹೊತ್ತಿಗೆ ಕತ್ತು ಎತ್ತಿದವು.

ಆದರೆ ಗಾಡಿ ಎಳೆಯುವುದು ಹೇಗೆ? ಅವರು ಅದನ್ನು ಮುಟ್ಟುವಂತಿಲ್ಲ. ಅವ್ವನ ಮಾತಿಗೆ ವಾಪಸ್ ಬಂದ ಪಾಲಯ್ಯ ತಲೆ ಕೆರೆದುಕೊಂಡು, ದನ ಕಟ್ಟುವ ಹಗ್ಗಗಳನ್ನೆಲ್ಲ ತರಿಸಿದ. ಒಂದಕ್ಕೊಂದು ಗಂಟು ಹಾಕಿ, ಹಗ್ಗವನ್ನು ದಡದಾಚೆಗೂ ಮುಟ್ಟುವಷ್ಟು ಉದ್ದ ಮಾಡಿದರು. ಒಂದು ತುದಿ ನನ್ನ ಕಡೆ ಎಸೆದು, "ನೀನೇ ಕಟ್ಟಕ್ಕಾ, ಬಿಗಿಯಾಗಿ" ಎಂದ.

ಗಂಟು ಹಾಕುವಾಗ ನಾನು ಓಬಮ್ಮನನ್ನು ಕೇಳಿಯೇಬಿಟ್ಟೆ. "ಅಜ್ಜಿ, ಕೋಳಿ ಯಾಕೆ ಆಗಲ್ಲ ನಿಮಗೆ?"

"ಒಬ್ಬೊಬ್ರು ಒಂದೊಂದು ಕಥೆ ಹೇಳ್ತಾರೆ. ನನಗೆ ತೋಚಿದ್ದು ಹೇಳ್ಲಾ? ನಮ್ಮ ಹಿರೇರು ತೆಲುಗು ಸೀಮೆಯಿಂದ ದನ ಹೊಡ್ಕೊಂಡು, ಹುಲ್ಲು ಇದ್ದ ಕಡೆಗೆಲ್ಲ ನಡೆದು ಬಂದೋರು. ಈ ಸೀಮೆಗೆ ಮಳೆ ಕಮ್ಮಿ, ಒಂದೇ ಕಡೆ ಕೂತ್ರೆ ಹೊಟ್ಟೆ ತುಂಬಲ್ಲ. ದನ ನಡೀತೈತೆ, ಕುರಿ ನಡೀತೈತೆ. ಕೋಳಿ ನಡೀತೈತಾ? ಹೊತ್ಕೊಂಡು ತಿರುಗೋಕೆ ನಿನ್ನಂಗೆ ಆಟೋ ಇತ್ತಾ ಅವರಿಗೆ?"

ಕೋಳಿ ಹಟ್ಟಿಯ ಕಡೆ ಬರುವುದು ಬೇಡವೆಂದು ಎಂಟು ಜನ ನಾನು ಬಂದ ದಡಕ್ಕೆ ಹೋಗಿ, ದೂರದಲ್ಲಿ ನಿಂತು ಎಳೆದರು. ಮೂರನೆಯ ಎಳೆತಕ್ಕೆ ಆಟೋ ಹಿಮ್ಮುಖವಾಗಿ ದಡ ಹತ್ತಿತು. "ಕೆಳಗಡೆ ಬಂಡೆ ಐತೆ, ಅಲ್ಲಿ ಹಳ್ಳ ದಾಟ್ಬೋದು. ದನದ ಹಾದಿ ಹಟ್ಟಿ ಸುತ್ತಿ ಕ್ಯಾಂಪಸ್ ಕಾಂಪೌಂಡ್ ಹತ್ರ ಹೋಗ್ತೈತೆ" ಎಂದ ಪಾಲಯ್ಯ, ನೂರು ಹೆಜ್ಜೆ ಮುಂದೆ ನಡೆದ. ನಾನು ಫಸ್ಟ್ ಗೇರ್‌ನಲ್ಲಿ ಅವನ ಕೆಂಪು ಟವೆಲ್ ನೋಡಿಕೊಂಡು ಹಿಂದೆ ಹೋದೆ. ಕೊನೆಯಲ್ಲಿ ಹಗ್ಗ ವಾಪಸ್ ಕೊಡಲು ಹೋದರೆ ಕೈ ಅಡ್ಡ ಹಿಡಿದ. "ಕೋಳಿ ಗಾಡಿಗೆ ಕಟ್ಟಿದ್ದು ನಮಗೆ ಬ್ಯಾಡ. ನಿನಗೇ ಬೇಕಾಗ್ತೈತೆ, ಇಟ್ಕ." ಅಷ್ಟು ಹೇಳುವಾಗ ಅವನೂ ನಕ್ಕ.

ಶೆಡ್ ತಲುಪಿದಾಗ ಎರಡೂಕಾಲು. ಮೇಸ್ತ್ರಿ ಮುಖ ಗಂಟಿಕ್ಕಿಕೊಂಡೇ ಕೋಳಿ ಎಣಿಸಿದ. ನಲವತ್ತೂ ಇದ್ದವು. ಯಾಕೆ ತಡ ಎಂದ. ಈ ಸಲ ಸುಳ್ಳು ಹುಟ್ಟಿಸಲು ಹೋಗದೆ ನಡೆದದ್ದೆಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಅವನ ಮುಖ ಸಡಿಲಾಯಿತು. "ನಮ್ಮ ಊರಲ್ಲಿ ನಮ್ಮ ಮನೆಯವರು ಆಮೆ ಮುಟ್ಟಲ್ಲ. ಸಿಕ್ಕಿದ್ರೆ ನೀರಿಗೆ ಬಿಟ್ಟು ಕೈ ಮುಗಿತೀವಿ. ಮುಂದಿನ ಸಂಡೆ ಬೇಗ ಬಾ" ಎಂದ.

ಈಗ ಕೋಳಿ ಇದ್ದ ದಿನ ದನದ ಹಾದಿಯಲ್ಲೇ ಹೋಗುತ್ತೇನೆ. ವ್ಯಾಪಾರ ಮಾಡುವವರಿಗೆ ನನ್ನ ಇನ್ನೆರಡು ಮಾತು: ಗಾಡಿಯಲ್ಲಿ ಉದ್ದನೆಯ ಹಗ್ಗ ಇಟ್ಟುಕೊಂಡಿರಿ. ಲೋಡು ಏನೆಂದು ಯಾರಾದರೂ ಕೇಳಿದರೆ ಇದ್ದದ್ದನ್ನೇ ಹೇಳಿ, ಎಳೆಯುವವರು ಎಲ್ಲಿ ನಿಂತು ಎಳೆಯಬೇಕೆಂದು ಅವರೇ ಯೋಚಿಸಿಕೊಳ್ಳುತ್ತಾರೆ.

ಹುಂಜ ಕೂಗಿದ ಮರುವಾರ ಆಟೋ ತೊಳೆಸಿ, ನಿಜವಾದ ಈರುಳ್ಳಿಯನ್ನೇ ಒಂದು ಚೀಲ ಹಾಕಿಕೊಂಡು ಹಟ್ಟಿಗೆ ಹೋದೆ. ಓಬಮ್ಮ ಚೀಲ ಇಳಿಸಲು ಬಿಡಲಿಲ್ಲ. ಕೋಲು ಪಕ್ಕಕ್ಕಿಟ್ಟು, ಬಗ್ಗಿ, ಚೀಲಕ್ಕೆ ಕಿವಿ ಹಚ್ಚಿದಳು. ಹಟ್ಟಿಯ ಜನವೆಲ್ಲ ನೋಡುತ್ತಾ ನಿಂತಿತ್ತು.

"ಹ್ಞೂಂ, ಕೂಗಲ್ಲ. ಒಳಗೆ ಬಾ, ಮಜ್ಜಿಗೆ ಕುಡಿವಂತಿ" ಎಂದಳು.