ಬಿಸಿಲಿಗೆ ಹಿಡಿದ ಎರಡು ಕಾಗದ

ಮೇಷ್ಟ್ರ ಎಡಗಿವಿ ಕೇಳುತ್ತಿರಲಿಲ್ಲ. ಬಲಗಿವಿಯ ಮೇಲೆ ಸದಾ ಒಂದು ಮೋಟು ಪೆನ್ಸಿಲ್. ಡೊಂಬಿವ್ಲಿಯ ನಮ್ಮ ಸೊಸೈಟಿಯಲ್ಲಿ ಎದುರು ಮನೆ ಅವರದು. ಕುಂದಾಪುರ ಕಡೆಯವರು, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. ಒಂದೇ ಕಿವಿಯ ಮನುಷ್ಯ ಹಕ್ಕಿಯ ಕೂಗು ಎಣಿಸಲು ಹೊರಟಾಗ ನಾನು ನಕ್ಕಿದ್ದೆ.

"ಒಂದು ಕಿವಿ ಸಾಲ್ದು ಅಂತಲೇ ನಿನ್ನನ್ನು ಕರೆಯೂದು. ಬಾ ಮಾರಾಯ," ಅಂದರು.

ಭಾನುವಾರ ಮೊದಲ ಲೋಕಲ್ ರೈಲು ಹಿಡಿದು ಅಂಬರನಾಥ. ಅಲ್ಲಿಂದ ರಿಕ್ಷಾದಲ್ಲಿ ಗುಡ್ಡದ ಬುಡ. ಅಲ್ಲಿನ ಕುರುಚಲಿನಲ್ಲಿ ಗೌಜಲಹಕ್ಕಿಗಳಿದ್ದವು. ಹಳ್ಳಿಯವರು ಉರುಲೊಡ್ಡಿ ಹಿಡಿದು ತಿನ್ನುತ್ತಿದ್ದರು. "ಕಾನೂನು ಪ್ರಕಾರ ತಪ್ಪೇ. ಆದರೆ ಕಾನೂನು ದಿನಾ ಇಲ್ಲಿ ಬಂದು ಕೂರೂದಿಲ್ಲ," ಅನ್ನುತ್ತಿದ್ದರು ಮೇಷ್ಟ್ರು. ಉರುಲು ಹಾಕುವವರಲ್ಲಿ ಹಿರಿಯರಾದ ಕಾಕಾ ಒಂದು ಮಾತು ಕೊಟ್ಟಿದ್ದರು: ಒಂದು ವರ್ಷದಲ್ಲಿ ಹಕ್ಕಿ ಕಡಿಮೆಯಾಗಿದೆ ಎಂದು ಲೆಕ್ಕ ಹೇಳಿದರೆ ಉರುಲು ತೆಗೆಸುತ್ತೇನೆ.

ಲೆಕ್ಕದ ರೀತಿ ಹೀಗೆ. ಕುರುಚಲಿನ ನಕ್ಷೆ ಇಬ್ಬರಿಗೂ ಒಂದೊಂದು. ದೂರ ದೂರ ಕೂತು, ಮಾತಾಡದೆ, ಕೂಗು ಬಂದ ಕಡೆ ಚುಕ್ಕಿ ಇಡಬೇಕು. ಕೊನೆಗೆ ಎರಡೂ ಕಾಗದ ಜೋಡಿಸಿ ಬಿಸಿಲಿಗೆ ಹಿಡಿದರೆ ಇಬ್ಬರಿಗೂ ಕೇಳಿದ್ದೆಷ್ಟು, ಒಬ್ಬರಿಗೇ ಕೇಳಿದ್ದೆಷ್ಟು ಎಂದು ಕಾಣುತ್ತದೆ. ಇಬ್ಬರಿಗೂ ಕೇಳದ ಹಕ್ಕಿಯನ್ನು ಅದರಿಂದ ಅಂದಾಜು ಮಾಡುತ್ತಿದ್ದರು: ಒಬ್ಬರಿಗೇ ಕೇಳಿದ್ದು ಹೆಚ್ಚಿದ್ದಷ್ಟೂ ಯಾರಿಗೂ ಕೇಳದ್ದು ಹೆಚ್ಚು. ಕೇಳದ್ದಕ್ಕೂ ಲೆಕ್ಕ ಇಡುವವರನ್ನು ನಾನು ಅದೇ ಮೊದಲು ಕಂಡದ್ದು.

ಎರಡನೇ ವರ್ಷ ಎಣಿಸಲು ಹೋದ ದಿನ ಮಂಜು ಎದೆಮಟ್ಟಕ್ಕಿತ್ತು. ದೂರದ ಲೋಕಲ್ಲಿನ ಸದ್ದು ನೀರಿನಡಿಯಿಂದ ಬಂದಂತಿತ್ತು. ಗೌಜಲಹಕ್ಕಿ ಒಮ್ಮೆ ಬಲಕ್ಕೆ, ಒಮ್ಮೆ ನನ್ನೊಳಗೇ ಕೂಗಿದ ಹಾಗಾಯಿತು. ವಾರವಿಡೀ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಆಫೀಸಿನಲ್ಲಿ ದಣಿದ ಮೈ, ನಿದ್ದೆ ಹೋದೆ. ಎಚ್ಚರಾದಾಗ ನಕ್ಷೆ ಖಾಲಿ. ಮೇಷ್ಟ್ರು ಕಾಕಾ ಜೊತೆ ಚಹಾ ಕುಡಿಯುತ್ತಿದ್ದಾಗ ಅವರ ಚುಕ್ಕಿಗಳನ್ನು ಕದ್ದು ನನ್ನದಕ್ಕೆ ಇಳಿಸಿದೆ.

ಮೇಷ್ಟ್ರು ಕಾಗದಗಳನ್ನು ಬಿಸಿಲಿಗೆ ಹಿಡಿದರು. ಚುಕ್ಕಿಯ ಮೇಲೆ ಚುಕ್ಕಿ. ತುಂಬ ಹೊತ್ತು ಇಳಿಸಲಿಲ್ಲ.

"ಇಬ್ಬರದ್ದೂ ಒಂದೇ ಆದ್ರೆ, ಇನ್ನೊಬ್ಬ ಬಂದದ್ದು ಎಂತಕ್ಕೆ?"

ನಾನು ಮೆಲ್ಲಗೆ, "ಲೆಕ್ಕ ಕಡಿಮೆ ಬರ್ತದಲ್ಲ ಸರ್, ಒಳ್ಳೇದೇ. ಉರುಲು ತೆಗೀತಾರೆ," ಅಂದೆ.

"ಕಾಕಾ ಈ ಗುಡ್ಡದಲ್ಲೇ ಹುಟ್ಟಿದವರು. ಅವರ ಕಿವಿಗೆ ಸುಳ್ಳು ಹೇಳ್ತೀಯಾ?"

ಕಾಕಾ ಕಡೆ ತಿರುಗಿ ಮರಾಠಿಯಲ್ಲಿ, ನಮ್ಮಿಂದ ತಪ್ಪಾಗಿದೆ, ನಾಳೆ ಮತ್ತೆ ಕೂರುತ್ತೇವೆ ಅಂದರು. ಇವನಿಂದ ಅನ್ನಲಿಲ್ಲ, ನಮ್ಮಿಂದ ಅಂದರು. ನಾಚಿಕೆಯಿಂದ ಸತ್ತೇ ಹೋದೆ.

ಮರುದಿನ ರಜೆ ಹಾಕಿ ಹೋದೆ, ಕಣ್ಣು ಮುಚ್ಚಲಿಲ್ಲ. ಲೆಕ್ಕ ನಿನ್ನೆಗಿಂತ ಹೆಚ್ಚು ಬಂತು. ಹಿಂದಿನ ವರ್ಷಕ್ಕಿಂತ ಮಾತ್ರ ಕಡಿಮೆಯೇ. ಮೇಷ್ಟ್ರು ಎರಡನ್ನೂ ಹೇಳಿದರು. ಕಾಕಾ ಎದ್ದುಹೋಗಿ ಉರುಲಿನ ತಂತಿಗಳನ್ನೆಲ್ಲ ತಂದು ಮೇಷ್ಟ್ರ ಚೀಲಕ್ಕೆ ಹಾಕಿದರು. ತಪ್ಪು ಒಪ್ಪಿಕೊಂಡವನ ಲೆಕ್ಕ ನಂಬಬಹುದು ಅಂದರು.

ಮೇಷ್ಟ್ರು ತೀರಿಹೋಗಿ ಎರಡು ವರ್ಷವಾಯಿತು. ಈಗ ಎರಡನೇ ನಕ್ಷೆ ಹಿಡಿದು ಕೂರುವವರು ಕಾಕಾ. ಆ ಮೋಟು ಪೆನ್ಸಿಲ್ ಅವರ ಕಿವಿಯ ಮೇಲಿದೆ. ಕಳೆದ ಭಾನುವಾರ ಕಾಗದಗಳನ್ನು ಬಿಸಿಲಿಗೆ ಹಿಡಿದೆ. ನನಗೆ ಏನೂ ಕೇಳದ ಮೂಲೆಯಲ್ಲಿ ಅವರ ನಾಲ್ಕು ಚುಕ್ಕಿಗಳಿದ್ದವು.

"ಜುಳ್ತಂಯ್ ಕಾ?" ತಾಳೆಯಾಯಿತಾ ಎಂದು ಕೇಳಿದರು.

"ಇಲ್ಲ ಕಾಕಾ, ತಾಳೆಯಾಗಲಿಲ್ಲ."

"ಮಗ್ ಬರೋಬರ್," ಅಂದರು. ಹಾಗಾದರೆ ಸರಿಯಿದೆ.