ಅದು ಡೀಸೆಲ್ ಅಲ್ಲ

ಎನ್ಕಾಂಡು ಎಂಬ ಅವಳ ಸ್ವಂತ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಮಗಳು ಕಸೋಂದೆ ಹುಟ್ಟಿದ ಮೇಲೆ ಎಲ್ಲರಿಗೂ ಅವಳು ಬಾನಾ ಕಸೋಂದೆ, ಕಸೋಂದೆಯ ತಾಯಿ. ತಾಮ್ರದ ಗಣಿಗಳ ಊರಾದ ಚಿಲಿಲಾಬೊಂಬ್ವೆಯಿಂದ ಕಾಂಗೋ ಗಡಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಚಹಾ ಮತ್ತು ವಿಟುಂಬುವಾ ಎಂಬ ಸಿಹಿ ಬೋಂಡ ಮಾರುತ್ತಿದ್ದಳು. ಅದಕ್ಕೂ ಮೊದಲು ಹನ್ನೊಂದು ವರ್ಷ ಆಸಿಡ್ ಕಾರ್ಖಾನೆಯ ಕೆಲಸಗಾರರ ಬಟ್ಟೆ ಒಗೆದವಳು. ಅದಿರಿನಿಂದ ತಾಮ್ರ ಬಿಡಿಸಲು ಬೇಕಾದ ಗಂಧಕಾಮ್ಲ ಅಲ್ಲಿ ತಯಾರಾಗುತ್ತಿತ್ತು. ನೋಡಲು ನೆಟ್ಟಗಿದ್ದ ಪ್ಯಾಂಟು ನೀರಿಗಿಳಿದೊಡನೆ ಜರಡಿಯಾಗುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು.

ಆ ಬೆಳಿಗ್ಗೆ ಅಂಗಡಿಯನ್ನು ಮಗಳಿಗೆ ಒಪ್ಪಿಸಿ ಹಿಟ್ಟು ತರಲು ಹೋಗಿದ್ದಳು. ಮರಳಿ ಬಂದಾಗ ತಿರುವಿನಲ್ಲಿ ಒಂದು ಟ್ಯಾಂಕರ್ ಚರಂಡಿಗೆ ಮಗುಚಿ ಬಿದ್ದಿತ್ತು. ಚಾಲಕ ತಲೆಗೆ ಪೆಟ್ಟು ಬಿದ್ದು ಹುಲ್ಲಿನ ಮೇಲೆ ಎಚ್ಚರ ತಪ್ಪಿ ಮಲಗಿದ್ದ. ಅವನ ಕಡೆ ನೋಡುವವರೇ ಇರಲಿಲ್ಲ. ಇಪ್ಪತ್ತು ಮೂವತ್ತು ಜನ ಹಳದಿ ಕ್ಯಾನು ಹಿಡಿದು ನುಗ್ಗುತ್ತಿದ್ದರು.

"ಡೀಸೆಲ್ ಕಣಮ್ಮಾ, ಬೇಗ ಕ್ಯಾನು ತಗೊಂಡ್ ಬಾ!" ಎಂದು ಯಾರೋ ಕೂಗಿದರು.

ಎನ್ಕಾಂಡು ಮೂಸಿ ನೋಡಿದಳು. ಡೀಸೆಲ್ ವಾಸನೆ ಇರಲಿಲ್ಲ. ಟ್ಯಾಂಕರಿನಿಂದ ಸೋರಿ ಗುಂಡಿಯಲ್ಲಿ ನಿಂತದ್ದು ಎಣ್ಣೆಯಂತೆ ಮಂದವಾಗಿತ್ತು. ಅದರ ಅಂಚಿನ ಹಸಿರು ಹುಲ್ಲು ಬೆಂಕಿಯೇ ಇಲ್ಲದೆ ಕರ್ರಗಾಗಿತ್ತು. ಅವಳು ಕೈ ಬೀಸಿ ಕೂಗಿದಳು.

"ಮುಟ್ಟಬೇಡ್ರೋ, ಅದು ಆಸಿಡ್ಡು. ಹಿಂದಕ್ಕೆ ಬನ್ನಿ."

ಮಗ್ಗಿನಲ್ಲಿ ಮೊಗೆಯುತ್ತಿದ್ದ ದರ್ಜಿ ಕಪೆಂಬ್ವಾ ತಲೆ ಎತ್ತಿ ನಕ್ಕ. "ಕೇಳಿದ್ರಾ? ನಾವೆಲ್ಲ ಹಿಂದಕ್ಕೆ ಹೋಗಬೇಕಂತೆ. ಆಮೇಲೆ ಬಾನಾ ಕಸೋಂದೆ ಒಬ್ಬಳೇ ತುಂಬ್ಕೋತಾಳಂತೆ."

ಜನ ನಕ್ಕರು. ಅವಳು ತನ್ನ ಅಂಗಡಿಗೆ ಓಡಿದಳು. ಅಲ್ಲಿ ಮಗಳು ಇರಲಿಲ್ಲ. ಅದನ್ನು ಯೋಚಿಸುವಷ್ಟು ಪುರುಸೊತ್ತೂ ಇರಲಿಲ್ಲ. ಸಕ್ಕರೆ ಡಬ್ಬಿ ಎತ್ತಿಕೊಂಡು ಬಂದಳು.

"ಆ ಮಗ್ಗು ಕೆಳಗಿಡು ಕಪೆಂಬ್ವಾ. ಇಟ್ಟು ನೋಡು. ನಾನು ಸುಳ್ಳು ಹೇಳಿದ್ರೆ ನನ್ನ ಮುಖಕ್ಕೆ ಉಗಿ."

ಅವನು ಇಟ್ಟ. ಅವಳು ಒಂದು ಹಿಡಿ ಸಕ್ಕರೆ ಸುರಿದು ಹಿಂದೆ ಸರಿದಳು. ಬಿಳಿ ಸಕ್ಕರೆ ಹಳದಿಯಾಯಿತು, ಕಂದುಬಣ್ಣಕ್ಕೆ ತಿರುಗಿತು, ನೋಡನೋಡುತ್ತ ಕಪ್ಪಾಯಿತು. ಆಮೇಲೆ ಹೊಗೆಯಾಡುತ್ತ ಉಬ್ಬಿ, ಮಗ್ಗಿನ ಬಾಯಿ ದಾಟಿ ಇದ್ದಿಲ ಕಂಬದಂತೆ ಮೇಲೆದ್ದಿತು.

ಒಂದೊಂದಾಗಿ ಕ್ಯಾನುಗಳು ಕೆಳಗಿಳಿದವು. ಆಗ ಕಪೆಂಬ್ವಾ ತನ್ನ ಬಲಗೈ ನೋಡಿಕೊಂಡ. ಇಷ್ಟು ಹೊತ್ತು ಬಿಸಿಲಿಗೆ ಬಿಸಿಯಾಗಿದೆ ಎಂದುಕೊಂಡಿದ್ದ. ಅಂಗಿಯ ತೋಳು ಬೂದಿಯಂತೆ ಉದುರುತ್ತಿತ್ತು. ಅವನ ಬಾಯಿಂದ ಮಾತಲ್ಲ, ಮೃಗದಂಥ ದನಿ ಬಂತು.

"ನೀರು, ನೀರು ತನ್ನಿ," ಎಂದು ಎನ್ಕಾಂಡು ಕೂಗಿದಳು.

ಬಕೆಟ್ ಹಿಡಿದವನೊಬ್ಬ ಹಿಂಜರಿದ. "ಆಸಿಡ್‌ಗೆ ನೀರು ಬಿದ್ರೆ ಕುದಿಯುತ್ತೆ ಅಂತಾರಲ್ಲ?"

"ಗುಂಡಿಗೆ ಹಾಕ್ಬೇಡ, ಸಿಡಿಯುತ್ತೆ. ಮೈಮೇಲೆ ಬಿದ್ರೆ ಚೂರು ನೀರು ಸಾಲಲ್ಲ. ಧಾರಾಕಾರ ಸುರಿ, ನಿಲ್ಲಿಸ್ಬೇಡ."

ರಸ್ತೆ ಬದಿಯಲ್ಲಿ ವಾಹನ ತೊಳೆಯುವವನ ಪೈಪು ಎಳೆದು ತಂದು ಅರ್ಧ ಗಂಟೆ ಸುರಿದರು. ಬಳಿಕ ಅವನನ್ನೂ ಚಾಲಕನನ್ನೂ ಮಿನಿಬಸ್ಸಿನಲ್ಲಿ ಆಸ್ಪತ್ರೆಗೆ ಕಳಿಸಿದರು.

ಮಧ್ಯಾಹ್ನ ಎನ್ಕಾಂಡು ಮನೆಗೆ ಹೋದಳು. ಕಸೋಂದೆ ಹಿಗ್ಗಿನಿಂದ ಎದುರಾದಳು. ಇಪ್ಪತ್ತರ ಹುಡುಗಿ, ಜಾಣೆ.

"ಅಮ್ಮಾ, ಟ್ಯಾಂಕರ್ ಬಿತ್ತಲ್ಲ, ಎಲ್ಲರಿಗಿಂತ ಮೊದಲು ನಾನೇ ತುಂಬಿಸ್ಕೊಂಡ್ ಬಂದೆ. ಯಾರಿಗೂ ಗೊತ್ತಿಲ್ಲ. ಒಲೆ ಹತ್ರ ಇಟ್ಟಿದೀನಿ."

ಕ್ಯಾನಿಗೆ ಮುಚ್ಚಳವಿರಲಿಲ್ಲ. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡನ್ನು ತುರುಕಿದ್ದಳು. ಆ ದಿಂಡು ಕರ್ರಗೆ ಸುಟ್ಟು, ಮುಟ್ಟಿದರೆ ಪುಡಿಯಾಗುವಂತಿತ್ತು.

"ಹೇಗೆ ತಂದೆ ಇದನ್ನ?"

"ಇನ್ನ್ಹೇಗೆ? ತಲೆ ಮೇಲೆ."

ಎನ್ಕಾಂಡು ಮಗಳನ್ನು ಅಂಗಳಕ್ಕೆ ದೂಡಿ, ಬಟ್ಟೆ ಸಮೇತ ನೀರು ಸುರಿದಳು. ಹೇಳಿ ಕಳಿಸಿದ ಮೇಲೆ ಕಾರ್ಖಾನೆಯವರು ಆಸಿಡ್ ಶಮನಗೊಳಿಸುವ ಸುಣ್ಣದ ಚೀಲ ಹೊತ್ತು ಬಂದು ಕ್ಯಾನು ಒಯ್ದರು.

ಕಪೆಂಬ್ವಾನ ಕೈ ಉಳಿಯಿತು, ಎರಡು ಬೆರಳು ಮಡಚುವುದಿಲ್ಲ. ಚಾಲಕನೂ ಚೇತರಿಸಿಕೊಂಡ. ಕಸೋಂದೆಗೆ ಏನೂ ಆಗಿರಲಿಲ್ಲ. ತಾಯಿ ಮಾತ್ರ ಸಂಜೆಯವರೆಗೂ ಅವಳ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ, ನೆತ್ತಿಯನ್ನು ತಡವಿ ನೋಡುತ್ತಿದ್ದಳು.

"ಸಾಕಮ್ಮಾ, ಏನೂ ಆಗಿಲ್ಲ," ಎಂದಳು ಮಗಳು.

"ಸುಮ್ನೆ ಕೂತ್ಕೋ," ಎಂದು ಎನ್ಕಾಂಡು ಇನ್ನೊಂದು ಎಳೆ ಹಿಡಿದಳು.