ಜಹನಾರಾ ಆಪಾ ಮತ್ತು ಹನ್ನೆರಡು ವೋಲ್ಟಿನ ಟ್ರ್ಯಾಕ್ಟರ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹುಟ್ಟಿದಾಗ ಶಾಂತಕುಮಾರಿ ಅಂತ ಹೆಸರಿಟ್ಟು ಅಪ್ಪ ಮೋಸ ಹೋದರು. ಈಗ ಬರೆಯಹೊರಟಿರುವುದು ನನ್ನ ಬಗ್ಗೆ ಅಲ್ಲ, ಶಿವಾಜಿನಗರದ ಜಹನಾರಾ ಆಪಾ ಬಗ್ಗೆ. ಆದರೆ ಅವರ ಬದುಕಿನ ಒಂದು ಮುಖ್ಯವಾದ ದಿನಕ್ಕೆ ಕಲ್ಲು ಹಾಕಿದ್ದು ನನ್ನ ಈ ಸಿಟ್ಟೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ಕೆ.ಆರ್. ಪುರಂ ದಾಟಿದ ಮೇಲೆ ಆವಲಹಳ್ಳಿ ದಾರಿಯಲ್ಲಿ ನಮ್ಮದೊಂದು ನರ್ಸರಿ ಇದೆ. ಸುತ್ತ ಎದ್ದಿರುವ ಅಪಾರ್ಟ್‌ಮೆಂಟುಗಳ ಬಾಲ್ಕನಿಗಳಿಗೆ ಗಿಡ, ಕುಂಡ, ಕೆಂಪುಮಣ್ಣು ಎಲ್ಲ ನಮ್ಮಲ್ಲಿಂದಲೇ ಹೋಗುತ್ತದೆ. ಅದನ್ನೆಲ್ಲ ಎಳೆಯುವುದು ನಮ್ಮಪ್ಪ ಆದಿನಾರಾಯಣ ಅವರ ಕಾಲದ ವಿಲಾಯತಿ ಟ್ರ್ಯಾಕ್ಟರ್. ವಯಸ್ಸಿನಲ್ಲಿ ನನಗಿಂತ ದೊಡ್ಡದು, ಹಟದಲ್ಲಿ ನನಗೆ ಸರಿಸಮ. ಆರು ವೋಲ್ಟಿನ ಬ್ಯಾಟರಿ, ಅದಕ್ಕೆ ಚಾರ್ಜ್ ಕೊಡಲು ಒಂದು ಹಳೆಯ ಡೈನಮೋ. ಬೆಳಗಿನ ಚಳಿಯಲ್ಲಿ ಸೆಲ್ಫ್ ಸ್ಟಾರ್ಟರ್ ಒತ್ತಿದರೆ ನರಳುತ್ತಿತ್ತೇ ಹೊರತು ಎಂಜಿನ್ ತಿರುಗುತ್ತಿರಲಿಲ್ಲ. ಆಗ ಮುಂದೆ ಹೋಗಿ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಬೇಕು. ಎರಡು ವರ್ಷದ ಹಿಂದೆ ಆ ಹ್ಯಾಂಡಲ್ ವಾಪಸ್ ಒದ್ದು ನನ್ನ ಬಲಗೈ ಮಣಿಕಟ್ಟು ಮುರಿಯಿತು. ಆಮೇಲಿಂದ ದಿನಾ ಬೆಳಗ್ಗೆ ರಸ್ತೆಯಲ್ಲಿ ಹೋಗುವ ಗಂಡಸರನ್ನು ಕೂಗಿ ಕರೆದು, ಹಲ್ಲು ಗಿಂಜಿ, ಹ್ಯಾಂಡಲ್ ತಿರುಗಿಸಿಕೊಳ್ಳುವ ಗತಿ ಬಂತು.

ಡೈನಮೋ ಕೆಟ್ಟಾಗ ಅದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಶಿವಾಜಿನಗರದ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಗುಜರಿ ಅಂಗಡಿಗಳ ಸಂದಿಯಲ್ಲಿ ಜಾಫರ್ ಎಂಬುವರ ಆಟೊ ಎಲೆಕ್ಟ್ರಿಕಲ್ ಅಂಗಡಿ. ಬೇರೆ ಕಡೆ ಒಳಗಿನ ತಾಮ್ರದ ತಂತಿ ಹೊಸದಾಗಿ ಸುತ್ತಿಸಿದರೆ ಒಂದು ಮಳೆಗಾಲ ಬಾಳುತ್ತಿತ್ತು. ಇವರಲ್ಲಿ ಸುತ್ತಿಸಿದ್ದು ಒಂಬತ್ತು ವರ್ಷ ಬಂತು. ಹೋದ ವರ್ಷ ಮತ್ತೆ ಹೋದಾಗ, ಇಷ್ಟು ಚೆನ್ನಾಗಿ ಸುತ್ತಿದವರು ಯಾರು ಎಂದು ಕೇಳಿದೆ.

"ಒಳಗಡೆ ಮಾಡಿಸ್ತೀವಿ ಮೇಡಂ," ಎಂದರು ಜಾಫರ್.

"ಒಳಗಡೆ ಅಂದ್ರೆ ಯಾರು?"

"ಇದಾರೆ ಒಬ್ರು."

ಈ ತರಹ ಉತ್ತರ ಕೊಟ್ಟರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಸ್ಟೂಲ್ ಎಳೆದುಕೊಂಡು ಅಂಗಡಿ ಬಾಗಿಲಲ್ಲೇ ಕೂತೆ. ಆ ಒಬ್ಬರನ್ನು ನೋಡದೆ ಏಳುವುದಿಲ್ಲ ಎಂದೆ. ಬಂದ ಗಿರಾಕಿಗಳೆಲ್ಲ ನನ್ನನ್ನು ದಾಟಿಕೊಂಡೇ ಒಳಗೆ ಹೋಗಬೇಕಾಯಿತು. ಒಂದು ಗಂಟೆ ಆದ ಮೇಲೆ ಜಾಫರ್ ಸೋತು, ಪಕ್ಕದ ಮೆಟ್ಟಿಲು ತೋರಿಸಿದರು.

ಮೇಲೆ ಒಂದು ಕೋಣೆಯ ಮನೆ. ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು, ದುಪ್ಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಂಡು, ಐವತ್ತೈದು ದಾಟಿದ ಹೆಂಗಸೊಬ್ಬರು ತಂತಿ ಸುತ್ತುತ್ತಿದ್ದರು. ನನ್ನನ್ನು ನೋಡಿ ಎಡಗೈ ಬೆರಳು ಎತ್ತಿದರು. ಸುತ್ತು ಎಣಿಸುತ್ತಿದ್ದಾರೆ, ಸುಮ್ಮನಿರಬೇಕು ಎಂದು ಅದರ ಅರ್ಥ. ಆ ಓಣಿಯ ಹೆಂಗಸರಿಗೆಲ್ಲ ಇದು ಗೊತ್ತಂತೆ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಂತಿದ್ದು ನನಗೂ ಹೊಸದು.

ಅವರೇ ಜಹನಾರಾ ಆಪಾ, ಓಣಿಗೆಲ್ಲ ಅಕ್ಕ, ಜಾಫರ್ ಅವರ ಅತ್ತಿಗೆ. ಫ್ರೇಜರ್ ಟೌನಿನಿಂದ ಹತ್ತೊಂಬತ್ತನೇ ವಯಸ್ಸಿಗೆ ಮದುವೆಯಾಗಿ ಆ ಕೋಣೆಗೆ ಬಂದವರು. ಗಂಡ ಶೌಕತ್ ಅವರ ಸುತ್ತುವ ಕೈಗೆ ದಂಡು ಪ್ರದೇಶದಲ್ಲೆಲ್ಲ ಹೆಸರಿತ್ತು. ಸಕ್ಕರೆ ಕಾಯಿಲೆ ಅವರ ಕಣ್ಣು ತಿನ್ನುತ್ತಾ ಬಂದಾಗ ಹೆಂಡತಿಗೆ ಕೆಲಸ ಕಲಿಸಿದರು. ಮೊದಲ ವರ್ಷ ಆಪಾ ಸುತ್ತಿದ್ದನ್ನೆಲ್ಲ ಶೌಕತ್ ಬೆರಳಲ್ಲೇ ತಡವಿ ನೋಡಿ ಬಿಚ್ಚಿಸುತ್ತಿದ್ದರಂತೆ. ಎರಡನೇ ವರ್ಷ ಬಿಚ್ಚಿಸುವುದು ಬಿಟ್ಟರು. ಇಪ್ಪತ್ತಾರು ವರ್ಷ ಆಪಾ ಸುತ್ತಿದರು, ಅಂಗಡಿ ಅದನ್ನು ಶೌಕತ್ ಕೈ ಎಂದೇ ಕೊಟ್ಟಿತು. ಶೌಕತ್ ತೀರಿಕೊಂಡು ಆರು ವರ್ಷವಾದರೂ ಶೌಕತ್ ಕೈ ಓಡುತ್ತಲೇ ಇತ್ತು. ತಾವು ಸುತ್ತಿದ ಒಂದು ಡೈನಮೋವೂ ಗಾಡಿಯ ಮೇಲೆ ತಿರುಗುವುದನ್ನು ಆಪಾ ಕಣ್ಣಾರೆ ಕಂಡಿರಲಿಲ್ಲ. ಕೇಳಿ ನನಗೆ ರೇಗಿತು. ಅವರು ಮಾತ್ರ ನಕ್ಕು, ಚಹಾ ಬಗ್ಗಿಸಿ ಕೊಟ್ಟರು.

ನನ್ನ ಡೈನಮೋವನ್ನು ಎರಡು ಕೈಯಲ್ಲಿ ತಿರುಗಿಸಿ ನೋಡಿ ಹೇಳಿದರು: "ಇದನ್ನ ಮತ್ತೆ ಸುತ್ತಿ ಏನು ಪ್ರಯೋಜನ ಶಾಂತಮ್ಮ? ಹನ್ನೆರಡು ವೋಲ್ಟ್ ಮಾಡ್ಬಿಡಿ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕ್ಬೇಕು. ಆಮೇಲೆ ಸೆಲ್ಫ್ ಮುಟ್ಟಿದ್ರೆ ಸಾಕು, ಯಾರನ್ನೂ ಕರೀಬೇಕಾಗಿಲ್ಲ."

"ಯಾರು ಮಾಡ್ಕೊಡ್ತಾರೆ ಆಪಾ?"

"ನಾನು ಮಾಡ್ತೀನಿ," ಎಂದರು. ಹೇಳಿದ ಮೇಲೆ ಅವರಿಗೇ ಗಾಬರಿಯಾದ ಹಾಗೆ ಕಂಡಿತು.

ಕೆಳಗೆ ಬಂದು ಜಾಫರ್‌ಗೆ ಹೇಳಿದಾಗ ಅವರು ತಲೆ ಕೆರೆದುಕೊಂಡರು. ಮನುಷ್ಯ ಕೆಟ್ಟವರೇನಲ್ಲ. ಈಗ ಸುತ್ತುವ ಕೆಲಸವೇ ಬರುತ್ತಿಲ್ಲ, ಅಂಗಡಿಯ ಮೂಲೆಯಲ್ಲಿರುವ ಅಣ್ಣನ ಮೇಜು ತೆಗೆದು ಬ್ಯಾಟರಿ ಜೋಡಿಸಬೇಕು ಅಂತಿದ್ದೇನೆ ಎಂದರು. ಆಪಾ ಅರ್ಧ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡರು. ಸುತ್ತುವ ಕೆಲಸ ಒಪ್ಪಿಕೊಳ್ಳುತ್ತಿದ್ದುದೇ ಆ ಮೇಜಿನಲ್ಲಿ, ಅದು ಹೋದರೆ ಮೇಲಿನ ಕೋಣೆಯ ಅವರ ಕೆಲಸವೂ ಹೋಯಿತು.

"ಜಾಫರ್, ಹಳೇ ಗಾಡಿಗಳ ವೈರಿಂಗ್ ಕೆಲಸ ನಾನು ಆ ಮೇಜಲ್ಲಿ ಕೂತು ಮಾಡ್ತೀನಿ. ನನ್ನ ಹೆಸರಲ್ಲಿ."

"ನಕ್ಕೋ ಭಾಬಿ, ಬೇಡ. ಮನೇಲಿ ಸುತ್ತೋದು ಬೇರೆ, ಗಾಡಿ ಕೆಲಸ ಬೇರೆ."

ನಾನು ಬಾಯಿ ಹಾಕದೆ ಇರುತ್ತೇನೆಯೇ? ಕೊನೆಗೆ ಒಂದು ಮಾತಿಗೆ ಬಂದರು. ಈ ಟ್ರ್ಯಾಕ್ಟರನ್ನು ಆಪಾ ಒಬ್ಬರೇ ಹನ್ನೆರಡು ವೋಲ್ಟಿಗೆ ತಂದರೆ ಮೇಜು ಅವರದು. ಆಗದಿದ್ದರೆ ಬ್ಯಾಟರಿಗಳದು.

ಆಪಾ ಗುಜರಿಯಲ್ಲಿ ಒಂದು ಹಳೆಯ ಕಾರಿನ ಆಲ್ಟರ್ನೇಟರ್ ಆರಿಸಿ, ಅದರ ತಂತಿಯನ್ನೆಲ್ಲ ಕಿತ್ತು ತಾವೇ ಹೊಸದಾಗಿ ಸುತ್ತಿದರು. ಒಂದು ಬುಧವಾರ ಟೂಲ್ಸ್ ಚೀಲ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿಳಿದರು. ಡೈನಮೋ ಇದ್ದ ಜಾಗಕ್ಕೆ ಆಲ್ಟರ್ನೇಟರ್ ಕೂರಿಸಿದರು. ಇಗ್ನಿಷನ್ ಕಾಯಿಲ್, ಬಲ್ಬು ಬದಲಾಯಿಸಿದರು. ಆರು ವೋಲ್ಟಿನ ಸೆಲ್ಫ್ ಮೋಟರ್ ಸುಟ್ಟುಹೋಗುವುದಿಲ್ಲವೇ ಎಂದರೆ, "ಒಂದೆರಡು ಕ್ಷಣ ತಾನೇ ಒತ್ತೋದು? ಹಿಡ್ಕೊಂಡೇ ಕೂತ್ಕೋಬೇಡಿ," ಎಂದರು.

ಒಂದು ವಿಷಯಕ್ಕೆ ಮಾತ್ರ ನನಗೂ ಅವರಿಗೂ ಜಟಾಪಟಿಯಾಯಿತು. ನಮ್ಮ ಟ್ರ್ಯಾಕ್ಟರಿನಲ್ಲಿ ಬ್ಯಾಟರಿಯ ಪ್ಲಸ್ ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಮೈಗೆ, ಹೋಗುತ್ತಿತ್ತು. ಆ ಕಾಲದ ವಿಲಾಯತಿ ಗಾಡಿಗಳು ಹಾಗೇ. ಪ್ರತಿ ಆಯುಧಪೂಜೆಗೂ ಅಪ್ಪ ಬ್ಯಾಟರಿ ಬಿಚ್ಚಿ ಬಿಸಿನೀರಲ್ಲಿ ತೊಳೆದು, ನಮ್ಮ ಕೈಯಿಂದಲೇ ವಾಪಸ್ ಹಾಕಿಸಿ, "ಪ್ಲಸ್ ಎಲ್ಲಿಗೆ?" ಎಂದು ಕೇಳುತ್ತಿದ್ದರು. "ಚಾಸಿಗೆ" ಅಂದವರಿಗೆ ಮೊದಲು ಪುರಿ, ಬಾಳೆಹಣ್ಣು. ನಮ್ಮ ಮನೆಯಲ್ಲಿ ಮಗ್ಗಿಗಿಂತ ಮೊದಲು ಕಲಿತದ್ದು ಅದು. ಈಗ ಆಪಾ, ಆಲ್ಟರ್ನೇಟರಿಗೆ ಮೈನಸ್ಸೇ ಚಾಸಿಗೆ ಹೋಗಬೇಕು, ತಪ್ಪಿದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡ್ ಸುಟ್ಟುಹೋಗುತ್ತದೆ ಎಂದರು. ಕೈತಪ್ಪು ಆಗದಿರಲಿ ಎಂದು, ಚಾಸಿಯ ಕೇಬಲ್ಲಿಗೆ ಮೈನಸ್ ಕಂಬಕ್ಕೆ ಮಾತ್ರ ಹಿಡಿಯುವಂಥ ಸಣ್ಣ ಕ್ಲ್ಯಾಂಪ್ ಹಾಕಿದರು. ಹೊಸ ಬ್ಯಾಟರಿ ಮರುದಿನ ಬರುವುದಿತ್ತು.

"ನಾನು ಬರೋವರೆಗೂ ಮುಟ್ಟಬೇಡಿ ಶಾಂತಮ್ಮ. ಜಾಫರ್‌ಗೂ ಬರೋಕೆ ಹೇಳಿದೀನಿ."

ಗುರುವಾರ ಬ್ಯಾಟರಿ ಎಂಟಕ್ಕೇ ಬಂತು. ಆಪಾ ಹತ್ತಾದರೂ ಬರಲಿಲ್ಲ. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ನಿಂತುಬಿಟ್ಟಿದೆ ಎಂದು ಫೋನ್ ಮಾಡಿದರು. ಇತ್ತ ಒಂದು ಅಪಾರ್ಟ್‌ಮೆಂಟಿನವರು ಮಣ್ಣು ಯಾವಾಗ ಎಂದು ಮೂರು ಸಲ ಕೇಳಿದ್ದರು. ಬ್ಯಾಟರಿ ಕೂರಿಸುವುದೇನು ಬ್ರಹ್ಮವಿದ್ಯೆಯೇ ಎಂದು ನಾನೇ ಸ್ಪ್ಯಾನರ್ ಹಿಡಿದೆ. ತಲೆಯಲ್ಲಿ ಅಪಾರ್ಟ್‌ಮೆಂಟಿನವರ ಜೊತೆ ಜಗಳ ನಡೆಯುತ್ತಿತ್ತು, ಕೈ ತನ್ನ ಪಾಡಿಗೆ ಚಾಸಿಯ ಕೇಬಲನ್ನು ಪ್ಲಸ್ಸಿಗೆ ತಂದಿತು. ಕ್ಲ್ಯಾಂಪ್ ಹಿಡಿಯಲಿಲ್ಲ. ಹಿಡಿಯದಿದ್ದಾಗ ಯೋಚಿಸಬೇಕಿತ್ತು. ನಾನು ಸ್ಕ್ರೂಡ್ರೈವರ್ ತೂರಿಸಿ ಅದರ ಬಾಯಿ ಅಗಲ ಮಾಡಿ, ಸುತ್ತಿಗೆಯಿಂದ ಎರಡೇಟು ಹಾಕಿ ಕೂರಿಸಿದೆ. ಇನ್ನೊಂದು ಕೇಬಲ್ ಮುಟ್ಟಿಸಿದ್ದೇ ತಡ ಚಟಪಟ ಅಂತು, ಆಲ್ಟರ್ನೇಟರಿನಿಂದ ಹೊಗೆ ಬಂತು. ಕಿತ್ತೆಸೆಯುವಷ್ಟರಲ್ಲಿ ಅಂಗೈ ಸುಟ್ಟಿತ್ತು.

ಆಮೇಲೆ ನಾನು ಮಾಡಿದ್ದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಎರಡೂ ಕೇಬಲ್ ಬಿಚ್ಚಿ, ಮಸಿ ಒರೆಸಿ, ಏನೂ ಆಗಿಲ್ಲದವಳ ಹಾಗೆ ಗುಲಾಬಿ ಗಿಡಗಳಿಗೆ ನೀರು ಹಾಕುತ್ತಾ ನಿಂತೆ. ಏನೂ ಆಗಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಹನ್ನೊಂದಕ್ಕೆ ಆಪಾ ಬಂದರು, ಹಿಂದೆಯೇ ಸ್ಕೂಟರಿನಲ್ಲಿ ಜಾಫರ್. ಕ್ಲ್ಯಾಂಪ್ ಸಡಿಲವಾಗಿದ್ದನ್ನು ನೋಡಿ ಆಪಾ ಹುಬ್ಬು ಗಂಟಿಕ್ಕಿ, ಒತ್ತಿ ಸರಿಮಾಡಿ, ಮೈನಸ್ಸಿಗೆ ಬಿಗಿದರು. ಬಿಸ್ಮಿಲ್ಲಾ ಎಂದು ಸೆಲ್ಫ್ ಒತ್ತಿದರು. ನರಳಾಟವೇ ಇಲ್ಲ, ಎಂಜಿನ್ ಒಂದೇ ಏಟಿಗೆ ಎದ್ದಿತು. ಆದರೆ ಚಾರ್ಜ್ ತೋರಿಸುವ ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ.

ಜಾಫರ್ ಬಗ್ಗಿ ನೋಡಿದರು. "ಎಂಜಿನ್ ಎದ್ದಿದ್ದು ಹೊಸ ಬ್ಯಾಟರಿ ಜೋರಿಂದ ಭಾಬಿ. ಆಲ್ಟರ್ನೇಟರ್ ಸತ್ತಿದೆ. ಸಂಜೆಗೆ ಬ್ಯಾಟರಿನೂ ಇಳಿದುಹೋಗುತ್ತೆ. ನಾನು ಹೇಳಿರ್ಲಿಲ್ವಾ?"

ಆಪಾ ಎಂಜಿನ್ ನಿಲ್ಲಿಸಿ, ದುಪ್ಪಟ್ಟಾದಲ್ಲಿ ಕೈ ಒರೆಸಿಕೊಂಡು, "ನಾನೇ ಎಲ್ಲೋ ಸುತ್ತೋದ್ರಲ್ಲಿ ತಪ್ಪಿರ್ಬೇಕು," ಎಂದರು.

ಅದೊಂದು ಮಾತನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ಸುತ್ತು ತಪ್ಪದವರು ನನ್ನ ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಳ್ಳುತ್ತಿದ್ದರು. ನೀರಿನ ಪೈಪು ಕೆಳಗೆ ಬಿಟ್ಟೆ.

"ತಪ್ಪು ನಂದು ಆಪಾ. ನೀವು ಬರೋದಕ್ಕೆ ಮೊದ್ಲೇ ನಾನು ಬ್ಯಾಟರಿ ಹಾಕ್ದೆ. ಪ್ಲಸ್ ಚಾಸಿಗೆ."

ಜಾಫರ್ ಕೈ ಅಲ್ಲಾಡಿಸಿದರು. "ಬಿಡಿ ಮೇಡಂ, ಅವರಿಗೆ ಬೇಜಾರಾಗ್ಬಾರ್ದು ಅಂತ ಹೇಳ್ತಿದೀರ."

"ಬೇರೆಯವರಿಗೆ ಬೇಜಾರಾಗ್ಬಾರ್ದು ಅಂತ ನಾನು ಯಾವತ್ತಾದ್ರೂ ಮಾತಾಡಿದೀನಾ ಜಾಫರ್ ಅವ್ರೇ?" ಎಂದು ಬೊಬ್ಬೆ ಎದ್ದ ಅಂಗೈ ಅವರ ಮುಖದ ಮುಂದೆ ಹಿಡಿದೆ. ಕ್ಲ್ಯಾಂಪಿನ ಮೇಲಿದ್ದ ಸುತ್ತಿಗೆಯ ಗುರುತು ತೋರಿಸಿದೆ. ಅವರು ಕ್ಲ್ಯಾಂಪನ್ನು ನೋಡಿದರು, ನನ್ನನ್ನು ನೋಡಿದರು, ನಂಬಿದರು. ನನ್ನ ಸ್ವಭಾವ ಅವರಿಗೆ ಮೊದಲೇ ಗೊತ್ತಿತ್ತಲ್ಲ.

ಆಪಾ ನನಗೆ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಆಲ್ಟರ್ನೇಟರ್ ಬಿಚ್ಚಿ, ಗಿಡ ನೆಡುವ ಹಲಗೆಯ ಮೇಲೆ ಹಳೆಯ ಪೇಪರ್ ಹಾಸಿ, ಅದರ ಹೊಟ್ಟೆ ತೆರೆದು, ಮೂಗಿನ ಹತ್ತಿರ ಹಿಡಿದು ಉಸಿರೆಳೆದುಕೊಂಡರು. ತಂತಿಯ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಆಮೇಲೆ ಅವರ ಮುಖದ ಮೇಲೆ ಬಂದ ಕಳೆಯನ್ನು ನಾನು ಮರೆಯುವುದಿಲ್ಲ.

"ತಂತಿ ಮೇಲಿನ ವಾರ್ನಿಷ್ ಸುಟ್ಟ ವಾಸನೆ ಇಲ್ಲ. ನಾನು ಸುತ್ತಿದ್ದು ಚೆನ್ನಾಗೇ ಇದೆ ಜಾಫರ್. ಡಯೋಡ್ ಪ್ಲೇಟ್ ಮಾತ್ರ ಹೋಗಿದೆ. ಅದೊಂದು ಸಿಕ್ಕಿದ್ರೆ ಮಧ್ಯಾಹ್ನಕ್ಕೆ ಎದ್ದೇಳುತ್ತೆ."

ಜಾಫರ್ ಕೂಡ ತಂತಿ ಮುಟ್ಟಿ ನೋಡಿದರು. ಬಹಳ ಹೊತ್ತು ಮುಟ್ಟಿ ನೋಡಿದರು. ಆಮೇಲೆ ಸ್ಕೂಟರ್ ಹತ್ತಿ ಹೊರಟುಹೋದರು. ಮನೆಗೇ ಹೋದರೇನೋ ಎಂದು ನಾನು ಅವರನ್ನು ಮನಸ್ಸಿನಲ್ಲಿ ಬೈದು ಮುಗಿಸುವಷ್ಟರಲ್ಲಿ, ಕೆ.ಆರ್. ಪುರಂ ಮಾರ್ಕೆಟ್ಟಿನಿಂದ ಹೊಸ ಪ್ಲೇಟ್ ಹಿಡಿದು ವಾಪಸ್ ಬಂದರು. ಆಪಾ ಬೆಸುಗೆ ಹಾಕುವಾಗ ಅವರೇ ತಂತಿ ಹಿಡಿದುಕೊಂಡರು.

ಎರಡೂವರೆಗೆ ಆಪಾ ನನ್ನನ್ನೇ ಸೀಟಿನ ಮೇಲೆ ಕೂರಿಸಿದರು. ಸೆಲ್ಫ್ ಮುಟ್ಟಿದೆ, ಎಂಜಿನ್ ಎದ್ದಿತು. ಸ್ವಲ್ಪ ಆಕ್ಸಿಲರೇಟರ್ ಕೊಡಿ ಎಂದರು. ಮುಳ್ಳು ಸೊನ್ನೆ ಬಿಟ್ಟು ಚಾರ್ಜಿನ ಕಡೆಗೆ ಸರಿಯಿತು. ಆಪಾ ಪಕ್ಕಕ್ಕೆ ಹೋಗಿ, ಆಲ್ಟರ್ನೇಟರ್ ತಿರುಗುವುದನ್ನೇ ನೋಡುತ್ತಾ ನಿಂತರು. ಕಣ್ಣು ತುಂಬಿತ್ತು, ಒರೆಸಿಕೊಳ್ಳೋಣವೆಂದರೆ ಕೈ ತುಂಬ ಗ್ರೀಸು.

ಅಷ್ಟರಲ್ಲಿ ಜಾಫರ್‌ಗೆ ಒಂದು ಫೋನ್ ಬಂತು. ಹಲಸೂರಿನ ಯಾರದೋ ಹಳೆಯ ಜೀಪು, ಬೆಳಗ್ಗೆ ಸ್ಟಾರ್ಟ್ ಆಗುವುದಿಲ್ಲವಂತೆ. ಜಾಫರ್ ಅಭ್ಯಾಸಬಲದಿಂದ, "ಕಳಿಸಿ ಸರ್, ಒಳಗಡೆ..." ಎಂದು ಶುರುಮಾಡಿ, ಆಪಾ ಕಡೆ ನೋಡಿ, ನಿಲ್ಲಿಸಿದರು.

"ಒಂದು ನಿಮಿಷ ಸರ್. ಕೆಲಸ ಮಾಡೋರು ನಮ್ಮ ಭಾಬಿ. ಅವರ ಹತ್ರಾನೇ ಮಾತಾಡಿ."

ಆಪಾ ಕೈ ಮಸಿಯಾಗಿದೆ ಎಂದು ತೋರಿಸಿದರು. ಜಾಫರ್ ತಾವೇ ಫೋನನ್ನು ಅವರ ಕಿವಿಗೆ ಹಿಡಿದು ನಿಂತರು. ನಾನು ಟ್ರ್ಯಾಕ್ಟರ್ ಬಂದ್ ಮಾಡಿದೆ, ಅವರಿಗೆ ಸರಿಯಾಗಿ ಕೇಳಿಸಲಿ ಎಂದು.

"ಹಲೋ," ಎಂದರು ಆಪಾ. ಗಂಟಲು ಸರಿಮಾಡಿಕೊಂಡರು. "ನಾನು ಜಹನಾರಾ ಮಾತಾಡ್ತಿರೋದು. ಹೇಳಿ, ನಿಮ್ಮ ಗಾಡೀಲಿ ಎಷ್ಟು ವೋಲ್ಟಿದೆ?"